ಒಬ್ಬರಿಗೆ ಮಾತ್ರ ಜಾಗ: ಕಾರ್ಗಿಲ್‌ನಲ್ಲಿ ಚೀತಾ ಹಾರಿಸಿದ ಅನುಭವ

1999ರ ಕಾರ್ಗಿಲ್ ಯುದ್ಧದಲ್ಲಿ ನಾನು ಹಾರಿಸಿದ್ದು ಚೀತಾ. ಎಚ್‌ಎಎಲ್ ತಯಾರಿಸಿದ, ಒಂದೇ ಎಂಜಿನ್ನಿನ ಪುಟ್ಟ ಹೆಲಿಕಾಪ್ಟರ್. ಮುಂದೆಲ್ಲ ಗಾಜು, ಆಯುಧ ಒಂದೂ ಇಲ್ಲ. ದ್ರಾಸ್, ಬಟಾಲಿಕ್ ಬೆಟ್ಟಗಳಿಂದ ಗಾಯಾಳುಗಳನ್ನು ಕರೆತರೋದು ನಮ್ಮ ಕೆಲಸ.

ಭಯ ಇರಲಿಲ್ಲ ಅಂದರೆ ಸುಳ್ಳು. ಮೇ 28ರಂದು ತೋಲೋಲಿಂಗ್ ಶಿಖರದ ಬಳಿ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಕ್ಷಿಪಣಿಗೆ ಬಲಿಯಾಗಿ, ಅದರಲ್ಲಿದ್ದ ನಾಲ್ವರೂ ತೀರಿಕೊಂಡಿದ್ದರು. ಆಮೇಲೆ ನಾವು ಬೆಟ್ಟದ ಮಗ್ಗುಲಿಗೆ ಅಂಟಿಕೊಂಡೇ, ಕಣಿವೆಯ ಮರೆಯಲ್ಲೇ ಹೋಗುತ್ತಿದ್ದೆವು.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ತೂಕ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ರೋಟರ್, ಅಂದರೆ ಮೇಲೆ ತಿರುಗುವ ರೆಕ್ಕೆ, ಎಂದಿನಂತೆ ತಿರುಗಿದರೂ ಎತ್ತುವ ಬಲ ಕಡಿಮೆ, ಎಂಜಿನ್ನಿಗೂ ಉಸಿರು ಸಾಲದು. ಬಿಸಿಲೇರಿದಷ್ಟೂ ಕಷ್ಟ. ಅದಕ್ಕೇ ನಸುಕಿನಲ್ಲೇ ಹೊರಡುತ್ತಿದ್ದೆವು. ಬಾಗಿಲು, ಹಿಂದಿನ ಸೀಟು ಕಳಚಿಡುತ್ತಿದ್ದೆವು. ಇಂಧನ ಹೋಗಿಬರುವಷ್ಟೇ.

ಒಂದು ಬೆಳಿಗ್ಗೆ ಇಳಿದ ಹೆಲಿಪ್ಯಾಡ್ ಅಂದರೆ ಕಲ್ಲು ಸರಿಸಿ ಮಾಡಿದ ಒಂದಿಷ್ಟು ಜಾಗ, ಅಷ್ಟೇ. ಗಾಳಿಯ ದಿಕ್ಕು ತೋರಿಸಲು ಹುಡುಗರು ಹೊಗೆ ಹಾಕಿದ್ದರು. ಆ ಹೊಗೆ ಶತ್ರುವಿಗೂ ಕಾಣುತ್ತೆ ಅಲ್ವಾ? ಶೆಲ್ ಬೀಳುವ ಮೊದಲು ಏಳಬೇಕು. ಎಂಜಿನ್ ಆರಿಸುವ ಹಾಗೂ ಇಲ್ಲ, ಮತ್ತೆ ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಅಲ್ಲೇ. ಸ್ಟ್ರೆಚರ್ ಹೊತ್ತವರು ತಲೆ ತಗ್ಗಿಸಿ ಓಡಿಬಂದರು. ರಾತ್ರಿಯಿಡೀ ಕಡಿದಾದ ಇಳಿಜಾರಿನಲ್ಲಿ ಗಾಯಗೊಂಡ ಜವಾನನನ್ನು ಇಳಿಸಿಕೊಂಡು ಬಂದವರು ಅವರೇ. ಧೈರ್ಯದ ಮಾತು ಬಂದಾಗ ನನಗೆ ಮೊದಲು ನೆನಪಾಗೋದು ಅವರು. ಜವಾನನ ತೊಡೆಗೆ ಬಿಗಿದ ಪಟ್ಟಿ ರಕ್ತದಲ್ಲಿ ನೆನೆದಿತ್ತು. ನೋವು ತಗ್ಗಿಸುವ ಮಾರ್ಫಿನ್ ಕೊಟ್ಟ ಹೊತ್ತನ್ನು ಹಣೆ ಮೇಲೆ ಪೆನ್ನಿನಲ್ಲಿ ಬರೆದಿದ್ದರು.

ಬಂಡೆಗೆ ಒರಗಿ ಇನ್ನೊಬ್ಬ ಕೂತಿದ್ದ, ತೋಳಿಗೆ ಗುಂಡು ತಗುಲಿದವನು. ನಾನು ಒಂದೇ ಬೆರಳು ತೋರಿಸಿದೆ. ಪಲ್ಟನ್ನಿನ ಡಾಕ್ಟರ್ ವಾದಿಸಲಿಲ್ಲ, ಸ್ಟ್ರೆಚರ್ ಕಡೆ ಕೈ ಮಾಡಿದರು. ಆ ಬೆರಳು ಎತ್ತುವಷ್ಟು ಕಷ್ಟದ ಕೆಲಸ ಹಾರಾಟದಲ್ಲಿ ಬೇರೆ ಇಲ್ಲ. ಇಬ್ಬರನ್ನೂ ಹತ್ತಿಸಿಕೊಂಡರೆ ಯಾರೂ ತಲುಪುತ್ತಿರಲಿಲ್ಲ.

ಹೆಲಿಕಾಪ್ಟರನ್ನು ಮೇಲೆತ್ತುವ ಲಿವರ್, ಅಂದರೆ ಕಲೆಕ್ಟಿವ್, ಎಳೆದೆ. ರೆಕ್ಕೆಗಳ ಓರೆ ಎಷ್ಟೆಂದು ತೋರಿಸುವ ಪಿಚ್ ಮುಳ್ಳು ಮಿತಿ ಮುಟ್ಟಿದರೂ ಚೀತಾ ನೆಲದಿಂದ ಒಂದೆರಡು ಅಡಿಯಷ್ಟೇ ಎದ್ದಿತು. ಇಂಥ ಹೊತ್ತಲ್ಲಿ ಇನ್ನಷ್ಟು ಎಳೆಯಬಾರದು, ರೋಟರಿನ ವೇಗ ಬಿದ್ದುಹೋಗುತ್ತೆ. ಮೆಲ್ಲಗೆ ಅಂಚಿನತ್ತ ಜಾರಿಸಿ, ಮೂಗು ತಗ್ಗಿಸಿ ಕಣಿವೆಗೆ ಧುಮುಕಿಸಿದೆ. ಕೆಳಗಿಳಿಯುತ್ತಾ ವೇಗ ಸಿಕ್ಕಿತು, ವೇಗದ ಜೊತೆ ಎತ್ತುವ ಬಲವೂ ಬಂತು. ಕೋ-ಪೈಲಟ್ ಹಿಂದೆ ತಿರುಗಿ ಗಾಯಾಳುವನ್ನು ನೋಡುತ್ತಲೇ ಇದ್ದರು.

ಅವನನ್ನು ಕೆಳಗೆ ಡಾಕ್ಟರುಗಳ ಕೈಗೊಪ್ಪಿಸುವಷ್ಟರಲ್ಲಿ ಬಿಸಿಲೇರಿತ್ತು. ಈ ಸಲ ಇಂಧನ ಇನ್ನಷ್ಟು ಕಮ್ಮಿ ಇಟ್ಟುಕೊಂಡು ಅದೇ ಜಾಗಕ್ಕೆ ಹೋದೆವು. ಬಂಡೆಗೆ ಒರಗಿದ್ದವನನ್ನೂ ಕರೆತಂದೆವು.