ಎಣ್ಣೆ ಬಿಡಿಸಿದೆ, ತುರಿಕೆ ಬಿಟ್ಟಿತು: ಪಾರ್ಲರ್‌ನಲ್ಲಿ ನನ್ನ ಅನುಭವ

ಹೊಟ್ಟು ಇರುವ ತಲೆಗೆ ಎಣ್ಣೆ ಮಸಾಜ್ ಮಾಡುವುದಿಲ್ಲ ಎಂದು ನಾನು ಚೀಟಿ ಅಂಟಿಸಿದಾಗ ಚಿತ್ರದುರ್ಗದ ಪಾರ್ಲರ್‌ನವರು ಯಾರೂ ಒಪ್ಪಲಿಲ್ಲ. "ಎಣ್ಣೆ ಬೇಡ ಅಂದ್ರೆ ಗಿರಾಕಿ ಉಳೀತಾರೇನ್ರೀ?" ಅಂತ ಮುಖಕ್ಕೇ ಕೇಳಿದರು. ಈಗ ಅವರಲ್ಲೇ ಇಬ್ಬರು ತಮ್ಮ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ. ಕೇಳುವವರಿಗೆಲ್ಲ ಫೋನಲ್ಲಿ ಹೇಳಿ ಸಾಕಾಗಿದೆ, ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ದುಡ್ಡು ಎಲ್ಲಿ ಹೋಯಿತು ಅಂತ ಹೇಳಬೇಕು. ಒಂದು ಕಂಪನಿಯ ಡ್ಯಾಂಡ್ರಫ್ ಸ್ಪಾ ಕಿಟ್ಟು, ಸ್ಟೀಮರ್ ಸೇರಿ ಹೆಚ್ಚುಕಮ್ಮಿ 20 ಸಾವಿರ. ಒಂದು ಸಿಟ್ಟಿಂಗ್‌ಗೆ 700-800 ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಅದರಲ್ಲಿದ್ದ ಮೆಂಥಾಲ್ ನೆತ್ತಿಗೆ ತಂಪು ಕೊಡುತ್ತದೆ, ಎದ್ದು ಹೋಗುವಾಗ ಎಲ್ಲರಿಗೂ ಖುಷಿ. ವಾರ ಕಳೆಯುವುದರೊಳಗೆ ಮತ್ತೆ ಕೆರೆತ. ಮನೆಮದ್ದನ್ನೂ ಬಿಡಲಿಲ್ಲ. ಮೆಂತ್ಯ ಅರೆದು ಹಚ್ಚಿದರೆ ಕೂದಲು ನಯವಾಗುತ್ತದೆ, ತುರಿಕೆ ಹಾಗೇ ಇರುತ್ತದೆ. ಮೊಸರು-ನಿಂಬೆಹಣ್ಣು ಇನ್ನೂ ಕಷ್ಟ, ಉಗುರಿನಿಂದ ಕೆರೆದು ಗಾಯವಾದ ನೆತ್ತಿಗೆ ನಿಂಬೆ ಬಿದ್ದರೆ ಉರಿ ತಡೆಯಲಾಗುವುದಿಲ್ಲ. ಬೇವಿನೆಣ್ಣೆಯ ವಾಸನೆಗೆ ಪಕ್ಕದ ಕುರ್ಚಿಯವರೇ ಎದ್ದು ಹೋದರು.

ಕೆಲಸ ಮಾಡಿದ್ದು ಎರಡೇ. ಒಂದು, ತಲೆ ಮುಟ್ಟುವ ಮೊದಲು ನೋಡುವುದು. ಕಿಟಕಿ ಬೆಳಕಲ್ಲಿ ಕೂರಿಸಿ, ಬಾಲದ ಬಾಚಣಿಗೆಯಿಂದ ಬೆರಳಗಲಕ್ಕೊಂದು ಬೈತಲೆ ತೆಗೆಯುತ್ತಾ ಹಣೆಯಿಂದ ಹಿಂಗತ್ತಿನವರೆಗೂ ಹೋಗುತ್ತೇನೆ, ಕಿವಿಯ ಹಿಂದೆ ಎರಡು ಸಲ. ಹಳದಿ ಬಣ್ಣಕ್ಕೆ ತಿರುಗಿದ ಜಿಡ್ಡು ಹೊಟ್ಟು, ಕೆಳಗೆ ಕೆಂಪು ಚರ್ಮ ಇದ್ದರೆ ಅದು ಎಣ್ಣೆ ಕಡಿಮೆಯಾಗಿ ಬಂದದ್ದಲ್ಲ. ಮಲಸೇಜಿಯಾ ಎನ್ನುವ ಶಿಲೀಂಧ್ರ ಎಲ್ಲರ ನೆತ್ತಿಯಲ್ಲೂ ಇರುತ್ತದೆ, ಅದಕ್ಕೆ ಜಿಡ್ಡೇ ಊಟ. ಅಂಥ ತಲೆಗೆ ರಾತ್ರಿಯಿಡೀ ಕೊಬ್ಬರಿ ಎಣ್ಣೆ ಹಚ್ಚಿಟ್ಟರೆ ನಾವೇ ಬಡಿಸಿದ ಹಾಗೆ. ಎಣ್ಣೆ ಹಚ್ಚಿದಾಗ ಹೊಟ್ಟು ಅಂಟಿಕೊಂಡು ಕಾಣಿಸುವುದಿಲ್ಲ, ಗಿರಾಕಿ ವಾಸಿಯಾಯಿತು ಅಂದುಕೊಳ್ಳುತ್ತಾಳೆ.

ಎರಡನೆಯದು ಶಾಂಪೂವಿನ ಸಮಯ. ಚರ್ಮದ ಡಾಕ್ಟರೊಬ್ಬರನ್ನು ಕೇಳಿಕೊಂಡೇ ಶಿಲೀಂಧ್ರಕ್ಕೆ ಹಾಕುವ ಔಷಧಿ ಕೆಟೊಕೊನಜೋಲ್ ಶೇ 2 ಇರುವ ಶಾಂಪೂ ಶುರು ಮಾಡಿದೆ. ಮೆಡಿಕಲ್ ಶಾಪಿನ ಆ ಬಾಟಲಿ ಎಲ್ಲರಿಗೂ ಗೊತ್ತು, "ಅದೆಲ್ಲ ಹಾಕಿ ನೋಡಿದ್ದೀವಿ, ಆಗಲಿಲ್ಲ" ಅನ್ನುವವರೇ ಹೆಚ್ಚು. ಹಾಕುವುದು ಕೂದಲಿಗೆ, ತೊಳೆಯುವುದು ಅರ್ಧ ನಿಮಿಷಕ್ಕೆ, ಆಗುವುದು ಹೇಗೆ? ನನ್ನ ಬೇಸಿನ್ ಪಕ್ಕ ಅಡುಗೆಮನೆ ಟೈಮರ್ ಇದೆ. ಸಾದಾ ಶಾಂಪೂವಿನಿಂದ ಜಿಡ್ಡು ತೆಗೆದು, ಆಮೇಲೆ ಇದನ್ನು ಬೈತಲೆ ಬೈತಲೆಗೆ ನೆತ್ತಿಗೇ ಮುಟ್ಟಿಸಿ 5 ನಿಮಿಷ ಬಿಡಬೇಕು. ವಾರಕ್ಕೆ ಎರಡು ಸಲ, 4 ವಾರ. ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ, ನಿಲ್ಲಿಸಿದರೆ ಮತ್ತೆ ಬರುತ್ತದೆ. ಹತ್ತರಲ್ಲಿ ಏಳೆಂಟು ಜನಕ್ಕೆ ಮೂರನೇ ವಾರಕ್ಕೆ ಕೆರೆತ ನಿಲ್ಲುತ್ತದೆ. ಹೊಟ್ಟು ಪದರಪದರವಾಗಿ ಅಂಟಿದ್ದರೆ ಶಾಂಪೂಗೆ ಮೊದಲು ಇನ್ನೊಂದು ಕೆಲಸ ಮಾಡುತ್ತೇನೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅಂಗಡಿಯ ಬಾಡಿಗೆ ಕಟ್ಟುತ್ತಿರುವುದೇ ಅದು.

ಮೊದಲ ಮೂರು ತಿಂಗಳು ಮಸಾಜ್ ದುಡ್ಡಿನಲ್ಲಿ ತಿಂಗಳಿಗೆ ಐದಾರು ಸಾವಿರ ಖೋತಾ ಆಯಿತು, ನಿಜ. ಈಗ ತಲೆ ನೋಡಿ ತೊಳೆಯುವುದಕ್ಕೆ 250 ತೆಗೆದುಕೊಳ್ಳುತ್ತೇನೆ, ಬಾಟಲಿ ಅವರೇ ತರುತ್ತಾರೆ. ಗುಣವಾದವರು ಹೇರ್‌ಕಟ್‌ಗೆ, ಫೇಶಿಯಲ್‌ಗೆ ಬೇರೆ ಕಡೆ ಹೋಗುವುದಿಲ್ಲ. ಖೋತಾ ತುಂಬಿ ಮೇಲೂ ಬಂದಿದೆ.

ನಡುವೆ ನೀರಿನ ಹುಚ್ಚೂ ಹಿಡಿದಿತ್ತು. ನಮ್ಮೂರಿನ ಬೋರ್‌ವೆಲ್ ನೀರಿಗೆ ಬಕೆಟ್ಟೇ ಬೆಳ್ಳಗಾಗುತ್ತದೆ, ತಲೆ ಬಿಡುತ್ತದೆಯೇ ಅಂತ ಕೊನೆಯ ನೀರು ಮಾತ್ರ ಆರ್‌ಒ ಹಾಕಿ ನೋಡಿದೆ, ಮಳೆಗಾಲದಲ್ಲಿ ತಾರಸಿ ನೀರೂ ಹಿಡಿದಿಟ್ಟೆ. ಕೂದಲು ಮೆತ್ತಗಾಯಿತು. ಒಣಗಿ ಬಿಗಿಯುವ ನೆತ್ತಿಯವರಿಗೆ ಸ್ವಲ್ಪ ಹಾಯೆನಿಸಿತು, ಜಿಡ್ಡು ಹೊಟ್ಟಿನವರಿಗೆ ಏನೂ ವ್ಯತ್ಯಾಸವಿಲ್ಲ. ದಿನಕ್ಕೆ ನಾಲ್ಕೈದು ಕ್ಯಾನ್ ನೀರು ಹೊರುವ ಖರ್ಚಿಗೆ ಅದು ಗಿಟ್ಟಲಿಲ್ಲ, ಬಿಟ್ಟೆ.

ಸ್ಕೂಲ್ ಹುಡುಗಿಯರ ತುರಿಕೆ ಬಹುಪಾಲು ಹೇನಿನದು. ಕಿವಿಯ ಹಿಂದೆ ಬಿಳಿ ಚುಕ್ಕೆ ಕಂಡರೆ ಉಗುರಿನಲ್ಲಿ ಎಳೆದು ನೋಡಿ. ಹೊಟ್ಟು ಉದುರುತ್ತದೆ, ಸೀರು ಕೂದಲನ್ನು ಕಚ್ಚಿಕೊಂಡಿರುತ್ತದೆ. ತಾಯಂದಿರಿಗೆ ಎಲ್ಲರೆದುರು ಹೇಳಬೇಡಿ, ಒಳಗೆ ಕರೆದು ಹೇಳಿ. ಒದ್ದೆ ಕೂದಲಿಗೆ ಕಂಡಿಷನರ್ ಧಾರಾಳವಾಗಿ ಹಚ್ಚಿ, ಸೀರಣಿಗೆಯಲ್ಲಿ ಬುಡದಿಂದ ಎಳೆದು ಬಿಳಿ ಬಟ್ಟೆಗೆ ಒರೆಸುತ್ತಾ ಹೋಗುವುದು. ಸೀರು ಒಡೆಯಲು ವಾರ-ಹತ್ತು ದಿನ ಬೇಕು, ಅದಕ್ಕೇ ಮೂರ್ನಾಲ್ಕು ದಿನಕ್ಕೊಮ್ಮೆಯಂತೆ ಎರಡು ವಾರ ಬಾಚಬೇಕು. ಔಷಧಿ ಹಾಕಿದರೂ ವಾರದ ಮೇಲೆ ಇನ್ನೊಂದು ಸಲ ಹಾಕಬೇಕಾಗುವುದು ಇದಕ್ಕೇ. ಮನೆಯವರೆಲ್ಲರ ತಲೆಯನ್ನೂ ಅವತ್ತೇ ನೋಡದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಎರಡು ತಲೆಗಳಿಗೆ ನಾನು ಕೈ ಹಾಕುವುದಿಲ್ಲ. ಮಗುವಿನ ತಲೆಯಲ್ಲಿ ಬಿಲ್ಲೆಯಾಕಾರಕ್ಕೆ ಕೂದಲು ಮುರಿದು ಉದುರಿದ್ದರೆ ಹುಳುಕಡ್ಡಿ ಇರಬಹುದು, ಅದಕ್ಕೆ ಹೊಟ್ಟೆಗೆ ಮಾತ್ರೆ ಬೇಕು, ಶಾಂಪೂ ಸಾಲದು. ಬೆಳ್ಳಿಯಂತೆ ಹೊಳೆಯುವ ದಪ್ಪ ಪೊರೆ ಕೂದಲ ಗಡಿ ದಾಟಿ ಹಣೆಗೆ ಬಂದಿದ್ದರೆ ಸೋರಿಯಾಸಿಸ್ ಅನುಮಾನ. ಮೊಣಕೈ ತೋರಿಸಿ ಅನ್ನುತ್ತೇನೆ, ಅಲ್ಲೂ ಇದ್ದರೆ ಅವತ್ತೇ ಚರ್ಮದ ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಸೋರಿಯಾಸಿಸ್ ಅಂಟುರೋಗವಲ್ಲ, ಅದನ್ನೂ ಹೇಳಿ ಕಳಿಸಿ, ಪಾಪ ಬಹಳ ಹೆದರಿರುತ್ತಾರೆ.

ಉಳಿದದ್ದು ಡೈ. ಹಚ್ಚಿದ ಒಂದೆರಡು ದಿನಕ್ಕೆ ಹಣೆಯಂಚು, ಕಿವಿ ತುರಿಸಿ ಕೆಂಪಾಗಿ, ಕಣ್ಣರೆಪ್ಪೆ ಊದಿದರೆ ಅದು ಕಪ್ಪು ಡೈಯಲ್ಲಿರುವ ಪಿಪಿಡಿ ಎನ್ನುವ ರಾಸಾಯನಿಕದ ಅಲರ್ಜಿ. ಬೇಗ ಕಪ್ಪಾಗುವ ಕಪ್ಪು ಮೆಹಂದಿಯಲ್ಲೂ ಅದು ಇರಬಹುದು. ಹಿಂದೆ ಏನೂ ಆಗಿರಲಿಲ್ಲ ಅನ್ನುವ ಮಾತನ್ನು ನಂಬಬೇಡಿ, ವರ್ಷಗಟ್ಟಲೆ ಹಚ್ಚಿದವರಿಗೂ ಬರುತ್ತದೆ. ಕಿವಿಯ ಹಿಂದೆ ಒಂದು ತೊಟ್ಟು ಹಚ್ಚಿ 48 ಗಂಟೆ ಕಾಯಿಸುತ್ತೇನೆ. ನಾಳೆಯೇ ಮದುವೆ, ಇವತ್ತೇ ಹಾಕಿ ಅನ್ನುವವರು ಎಷ್ಟು ದುಡ್ಡು ಕೊಟ್ಟರೂ ನಾನು ಡೈ ಕಲಸುವುದಿಲ್ಲ.