ಠಾಣೆಯಲ್ಲಿ ನಮ್ಮನ್ನು ಕಾಯ್ದ ಚೀಟಿ: ನಲಾಕ್ಸೋನ್ ಕೊಟ್ಟ ನನ್ನ ಅನುಭವ

ಹೆರಾಯಿನ್‌ನಂಥ ಮಾದಕ ಅತಿಯಾಗಿ ಉಸಿರು ನಿಲ್ಲುತ್ತಿರುವವನಿಗೆ ಕೊಡುವ ಮದ್ದು ನಲಾಕ್ಸೋನ್. ಅದನ್ನು ಕೊಟ್ಟ ಮೇಲೂ ಆಸಾಮಿ ಸತ್ತರೆ ಕೇಸು ನಿಮ್ಮ ತಲೆಗೇ ಬರುತ್ತದೆ ಎಂದು ಹಿರಿಯರು ಹೆದರಿಸುತ್ತಲೇ ಇದ್ದುದರಿಂದ, ವ್ಯಸನಿಗಳ ನಡುವೆ ಕೆಲಸ ಮಾಡುವ ಬಳ್ಳಾರಿಯ ನಮ್ಮ ಕೇಂದ್ರದ ಕಪಾಟಿನಲ್ಲಿದ್ದ ಅದರ ಆಂಪ್ಯೂಲುಗಳು (ಚುಚ್ಚುಮದ್ದಿನ ಪುಟ್ಟ ಗಾಜಿನ ಸೀಸೆಗಳು) ಸುಮಾರು ಎರಡು ವರ್ಷ ಕ್ಷೇತ್ರಕ್ಕೆ ಹೋಗುವ ಚೀಲವನ್ನು ಸೇರಲೇ ಇಲ್ಲ. ಕಳೆದ ಬೇಸಿಗೆಯಲ್ಲಿ ಠಾಣೆಯ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕುಳಿತು, ಯಾವ ಪ್ರಕರಣವೂ ಇಲ್ಲದೆ ಎದ್ದು ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪ್ರಯತ್ನ ನಗೆಪಾಟಲಾಯಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ, ನೆರವಿಗೆ ಬಂದವರನ್ನು ಕಾಯುವ 134ಎ ಕಲಮನ್ನು ಮುದ್ರಿಸಿ, ಲ್ಯಾಮಿನೇಷನ್ ಮಾಡಿಸಿ, ಆರುನೂರು ರೂಪಾಯಿ ಖರ್ಚಿನಲ್ಲಿ ಎಲ್ಲರ ಕೊರಳಿಗೂ ತೂಗುಹಾಕಿದ್ದೆ. ಅದನ್ನು ನೋಡಿದ ವಕೀಲರು, "ಇವನಿಗೆ ಯಾವ ಲಾರಿ ಗುದ್ದಿತ್ತಪ್ಪಾ?" ಎಂದರು. ಆ ಕಲಮು ರಸ್ತೆ ಅಪಘಾತಕ್ಕೆ ಮಾತ್ರ. ಮಾದಕ ವಸ್ತುಗಳ ಕುರಿತಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮನ್ನು ನೆಚ್ಚಿಕೊಂಡದ್ದೂ ದಂಡವೇ; ಅದು ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ರಕ್ಷಣೆ ಕೊಡುತ್ತದೆಯೇ ಹೊರತು ಅವನಿಗೆ ಸೂಜಿ ಹಾಕಿದವರಿಗಲ್ಲ.

ಮೂರು ಸಾವಿರ ಶುಲ್ಕ ಪಡೆದ ಆ ವಕೀಲರೇ ದಾರಿ ತೋರಿಸಿದರು. ಹಿಂದಿನ ದಂಡ ಸಂಹಿತೆಯ 92ನೆಯ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 30ನೆಯ ಕಲಮಾಗಿದೆ: ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದವನ ಹಿತಕ್ಕಾಗಿ, ಅವನ ಪರವಾಗಿ ಒಪ್ಪಿಗೆ ಕೊಡಬಲ್ಲವರು ಸಮಯಕ್ಕೆ ಸಿಗದಿದ್ದಾಗ, ಸದ್ಭಾವನೆಯಿಂದ ಮಾಡಿದ ಕೆಲಸ ಅಪರಾಧವಾಗುವುದಿಲ್ಲ. ನಮ್ಮವರು ಎಡವುವುದು 'ಸದ್ಭಾವನೆ' ಎಂಬ ಪದದಲ್ಲಿ. ಸರಿಯಾದ ಎಚ್ಚರಿಕೆ, ಗಮನಗಳಿಲ್ಲದೆ ಮಾಡಿದ್ದು ಸದ್ಭಾವನೆಯೇ ಅಲ್ಲ ಎಂದು ಅದೇ ಸಂಹಿತೆಯ ಎರಡನೆಯ ಕಲಮು ಹೇಳುತ್ತದೆ. ಹಾಗಾಗಿ ಒಳ್ಳೆಯ ಮನಸ್ಸಿತ್ತು ಎಂದರೆ ಸಾಲದು, ಎಚ್ಚರಿಕೆ ವಹಿಸಿದ್ದಕ್ಕೆ ಕಾಗದ ಬೇಕು. ವೈದ್ಯರ ಲಿಖಿತ ಆದೇಶ, ತರಬೇತಿಯ ಹಾಜರಿ ಪುಸ್ತಕ, ಕೇಂದ್ರದಲ್ಲಿ ಹೆಸರು ನೋಂದಾಯಿಸಿದ ವ್ಯಸನಿಗಳು ಎಚ್ಚರವಿದ್ದಾಗಲೇ ಸಹಿ ಹಾಕಿದ ಒಪ್ಪಿಗೆ ಪತ್ರ ಹಾಗೂ ಏನು, ಯಾವಾಗ ಮಾಡಿದೆವೆಂದು ಸ್ಥಳದಲ್ಲೇ ತುಂಬುವ ಚೀಟಿ, ಇಷ್ಟೇ ನಮ್ಮ ಕಡತ. ಒಪ್ಪಿಗೆ ಪತ್ರದ ಮೂರನೆಯ ಪ್ಯಾರಾವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾಲ್ಕು ಕರಡು ಹರಿದಿದ್ದೇನೆ, ಬೇಕಾದವರು ಬಳ್ಳಾರಿಗೆ ಬರಲಿ.

ನಡುವೆ ಮೂಗಿಗೆ ಸಿಂಪಡಿಸಿ ನೋಡೋಣವೆಂದು ಬೆಂಗಳೂರಿನಿಂದ ತುಂತುರು ಮೂತಿಗಳನ್ನು ತರಿಸಿ ಎರಡು ಸಾವಿರದಷ್ಟು ಕಳೆದುಕೊಂಡೆ. ನಮ್ಮ ಆಂಪ್ಯೂಲಿನಲ್ಲಿ ಒಂದು ಮಿ.ಲೀ.ಗೆ 0.4 ಮಿ.ಗ್ರಾಂ. ಮಾತ್ರ ಇರುವುದರಿಂದ 2 ಮಿ.ಗ್ರಾಂ. ಹೋಗಬೇಕಾದರೆ ಐದು ಮಿ.ಲೀ. ಸುರಿಯಬೇಕು, ಅಷ್ಟನ್ನು ಯಾವ ಮೂಗೂ ಹಿಡಿಯದು. ಏಪ್ರಿಲ್ ಬಿಸಿಲಿಗೆ ಔಷಧ ಕೆಡದಂತೆ ಒದ್ದೆ ಬಟ್ಟೆ ಸುತ್ತಿದ ಮಡಕೆಯಲ್ಲಿ ಇಟ್ಟದ್ದೂ ಉಂಟು. ಲೇಬಲ್ಲುಗಳು ಕಳಚಿ, ಅಷ್ಟನ್ನೂ ಎಸೆಯಬೇಕಾಯಿತು.

ಠಾಣೆಗೆ ಹೋಗುವ ಹಿಂದಿನ ರಾತ್ರಿ ಜೀನ್ಸ್ ಹೊಲಿಯುವ ಶೆಡ್ಡೊಂದರ ಹಿಂದೆ ಬಿದ್ದಿದ್ದವನ ತುಟಿ ನೀಲಿಯಾಗಿತ್ತು. ಒಬ್ಬರು 108ಕ್ಕೆ ಕರೆ ಮಾಡಿದರು, ನಾನು ಬಾಯಿಯಿಂದ ಉಸಿರು ಕೊಟ್ಟೆ, 9.40ಕ್ಕೆ ತೊಡೆಗೆ ಒಂದು ಆಂಪ್ಯೂಲು, 9.43ಕ್ಕೆ ಇನ್ನೊಂದು. ಎದ್ದು ಕುಳಿತವನು ನಮ್ಮನ್ನೇ ಬೈದು ಮನೆಗೆ ಹೊರಟ. ಹಿಂದೊಮ್ಮೆ ಹೀಗೆ ಹೊರಟವನನ್ನು ಬಿಟ್ಟು ಕೆಟ್ಟಿದ್ದೆವು: ನಲಾಕ್ಸೋನಿನ ಪ್ರಭಾವ ಇಳಿದ ಮೇಲೆ ಅಮಲು ಮತ್ತೆ ಅಮರಿಕೊಂಡು, ಒಂದೂವರೆ ಗಂಟೆಯೊಳಗೆ ಅವನು ಪುನಃ ಬಿದ್ದಿದ್ದ. ಆದ್ದರಿಂದ ಇವನನ್ನು ಹಿಡಿದು ಕೂರಿಸಿ, ಆಂಬುಲೆನ್ಸ್ ಹತ್ತಿಸಿ, ಆ ಹೊತ್ತನ್ನೂ ಚೀಟಿಯಲ್ಲಿ ಬರೆದೆವು.

ಬೆಳಿಗ್ಗೆ ಅವನ ಅಣ್ಣ, ತಮ್ಮನಿಗೆ ನಾವೇ ಏನೋ ಚುಚ್ಚಿ ಬೀಳಿಸಿದ್ದೇವೆ ಎಂದು ಠಾಣೆಗೆ ಹೋಗಿದ್ದರು. ನಮ್ಮನ್ನು ಕರೆಸಿದ ಪಿಎಸ್ಐ ಕಡತವನ್ನೆಲ್ಲ ತಿರುವಿ, ಚೀಟಿಯಲ್ಲಿದ್ದ "ಸಂಬಂಧಿಕರು ಯಾರೂ ಸ್ಥಳದಲ್ಲಿಲ್ಲ" ಎಂಬ ಸಾಲಿನ ಮೇಲೆ ಬೆರಳಿಟ್ಟು, "ಆಗ ನೀವೆಲ್ಲಿದ್ರಿ?" ಎಂದು ಅಣ್ಣನನ್ನು ಕೇಳಿದರು. ಆತ ಹೊಸಪೇಟೆಯಲ್ಲಿದ್ದರಂತೆ. ಅಲ್ಲಿಗೆ ಮಾತು ಮುಗಿಯಿತು. ಮೂಲ ಚೀಟಿಯನ್ನು ಠಾಣೆಯವರು ಇಟ್ಟುಕೊಂಡರು. ಆಮೇಲಿಂದ ಚೀಲದಲ್ಲಿ ಕಾರ್ಬನ್ ಹಾಳೆಯೂ ಇದೆ.