ಔಷಧಿ ಪಂಪು ಕಟ್ಟಿಕೊಂಡರೆ ಸೂಜಿ ಹುಡುಕಬೇಡಿ

ಮೊನ್ನೆ ಸಂಜೆ ಪಕ್ಕದ ಮನೆ ಹುಡುಗ ಗಿಡಕ್ಕೆ ಔಷಧಿ ಹೊಡೆಯುವ ಪಂಪನ್ನು ಬೆನ್ನಿಂದ ಇಳಿಸದೆಯೇ ನಮ್ಮ ಜಗಲಿ ಹತ್ತಿರ ಬಂದು ನಿಂತ. "ಅತ್ತೆ, ಒಂದು ಸೂಜಿ ಕೊಡಿ. ನಾಝಲ್ ಕಟ್ಟಿಕೊಂಡಿದೆ" ಅಂದ. ನಾನು ಕೊಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸೂಜಿ ಕೊಡಬಾರದು ಅಂತ ಹಿರಿಯರು ಹೇಳುತ್ತಿದ್ದದ್ದು ನಿಜ. ಆದರೆ ನಾನು ಕೊಡದೇ ಇದ್ದದ್ದು ಅದಕ್ಕಲ್ಲ. ನಾಝಲ್‌ಗೆ, ಅಂದರೆ ಔಷಧಿ ಚಿಮ್ಮುವ ತುದಿಗೆ, ಸೂಜಿ ತೋರಿಸಲೇಬಾರದು. ಅಷ್ಟು ಸಣ್ಣ ತೂತು ಅದು. ಸೂಜಿ ಹಾಕಿ ಕೆರೆದರೆ ದೊಡ್ಡದಾಗುತ್ತದೆ, ಇಲ್ಲ ಅಂದರೆ ಸೊಟ್ಟ ಆಗುತ್ತದೆ. ಆಮೇಲೆ ಮಂಜಿನ ಹಾಗೆ ಬೀಳಬೇಕಾದ ಔಷಧಿ ಒಂದು ಎಲೆಗೆ ಧಾರೆಯಾಗಿ ಸುರಿಯುತ್ತದೆ, ಪಕ್ಕದ ಎಲೆಗೆ ಹನಿಯೂ ತಾಗುವುದಿಲ್ಲ. ಹಿತ್ತಾಳೆ ನಾಝಲ್‌ಗೇ ಈ ಗತಿ. ಪ್ಲಾಸ್ಟಿಕ್ಕಿನದಾದರೆ ಕೇಳುವುದೇ ಬೇಡ.

ಮೊದಲು ಪಂಪು ಕೆಳಗಿಳಿಸು, ಕೈಗೆ ರಬ್ಬರ್ ಗ್ಲೌಸ್ ಹಾಕು ಅಂದೆ. ನಾಝಲ್ ಕೆಳಮುಖ ಮಾಡಿ, ಟ್ರಿಗರ್ ಒತ್ತಿ, ಒಳಗಿನ ಒತ್ತಡ ಪೂರ್ತಿ ಬಿಡಬೇಕು. ಮುಂದೆ ಕಟ್ಟಿಕೊಂಡಿದ್ದರೆ ಟ್ರಿಗರ್ ಒತ್ತಿದರೂ ಒತ್ತಡ ಹೋಗುವುದಿಲ್ಲ. ಆಗ ಮುಖ ಆಚೆ ತಿರುಗಿಸಿ, ನಾಝಲ್‌ನ ತಿರುಪನ್ನು ನಿಧಾನಕ್ಕೆ ಕಾಲು ಸುತ್ತು, ಅರ್ಧ ಸುತ್ತು ಅಂತ ಸಡಿಲಿಸಬೇಕು. ಗಡಿಬಿಡಿಯಲ್ಲಿ ಬಿಚ್ಚಿದರೆ ಔಷಧಿ ಸೀದಾ ಕಣ್ಣಿಗೇ ಹಾರುತ್ತದೆ.

ಬಿಚ್ಚುವ ಮೊದಲೇ ಇನ್ನೊಂದು ಕೆಲಸ ಇದೆ, ಅದನ್ನು ಯಾರೂ ಮಾಡುವುದಿಲ್ಲ. ಪಂಪಿನ ಹಿಡಿಕೆ ಕೈಗೆ ಹೇಗೆ ಸಿಗುತ್ತಿದೆ ಅಂತ ಗಮನಿಸಿ. ನಾಲ್ಕು ಸಲ ಹೊಡೆಯುವಷ್ಟರಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ, ನೀರು ಮಾತ್ರ ಬರದಿದ್ದರೆ, ಕಟ್ಟಿಕೊಂಡಿರುವುದು ಮುಂದೆ: ನಾಝಲ್, ಉದ್ದನೆಯ ಕೊಳವೆ, ಟ್ರಿಗರ್ ಅಥವಾ ಪೈಪು. ಎಷ್ಟು ಹೊಡೆದರೂ ಹಿಡಿಕೆ ಸಡಿಲವಾಗಿ ಆಡುತ್ತಿದ್ದರೆ ತೊಂದರೆ ಹಿಂದೆ: ವಾಷರ್, ವಾಲ್ವ್, ಇಲ್ಲವೇ ಟ್ಯಾಂಕಿನ ತಳ. ಈಗಿನ ಬ್ಯಾಟರಿ ಪಂಪಿಗೆ ಹಿಡಿಕೆ ಇಲ್ಲ, ಅಲ್ಲಿ ಕಿವಿ ಬೇಕು. ಟ್ರಿಗರ್ ಒತ್ತಿದರೂ ಮೋಟಾರು ಒಂದು ಕ್ಷಣ ಓಡಿ ನಿಂತು, ಮತ್ತೆ ಓಡಿ ನಿಂತರೆ ಮುಂದೆ ಅಡ್ಡಿ ಇದೆ. ಒಂದೇ ಸಮ ಗುಂಯ್ ಅನ್ನುತ್ತಾ ನೀರು ಬರದಿದ್ದರೆ ಟ್ಯಾಂಕಿನ ತಳದ ಜಾಲರಿ ನೋಡಿ. ಇಷ್ಟು ತಿಳಿದರೆ ಅರ್ಧ ಪಂಪು ಬಿಚ್ಚುವ ಕೆಲಸವೇ ತಪ್ಪಿತು.

ಹುಡುಗನ ಪಂಪಿನ ಹಿಡಿಕೆ ಗಟ್ಟಿ ಇತ್ತು. ಸರಿ, ತುದಿಯಿಂದ ಶುರು ಮಾಡಿದೆವು. ನಾಝಲ್ ತೆಗೆದು ಬರೀ ಕೊಳವೆಯಲ್ಲಿ ಹೊಡೆದು ನೋಡಬೇಕು. ನೀರು ಜೋರಾಗಿ ಬಂದರೆ ತಪ್ಪು ನಾಝಲ್‌ನದೇ. ಅವನದು ಅಲ್ಲೂ ತೊಟ್ಟಿಕ್ಕುತ್ತಿತ್ತು. ಕೊಳವೆಯನ್ನು ಟ್ರಿಗರ್‌ನಿಂದ ಬಿಚ್ಚಿದೆವು, ಆಗಲೂ ಅಷ್ಟೇ. ಟ್ರಿಗರ್‌ನ ಹಿಡಿಯೊಳಗೆ ಬೆರಳುದ್ದದ ಒಂದು ಜಾಲರಿ ಇರುತ್ತದೆ. ಎಷ್ಟೋ ಜನಕ್ಕೆ ಅದು ಇದೆ ಅಂತಲೇ ಗೊತ್ತಿಲ್ಲ. ಹಿಡಿಯ ತಿರುಪು ಬಿಚ್ಚಿ ಎಳೆದರೆ ಹೊರಗೆ ಬರುತ್ತದೆ. ಎಳೆದೆವು. ಜಾಲರಿಯ ಸುತ್ತ ದೋಸೆ ಹಿಟ್ಟು ಮೆತ್ತಿದ ಹಾಗೆ ನೀಲಿ ಬಿಳಿ ಗಸಿ. ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣದ ಬಣ್ಣ ಅದು. "ಬೋರ್ಡೋ ಹೊಡೆದೆಯಾ?" ಅಂದೆ. "ಹೌದತ್ತೆ, ಮೆಣಸಿನ ಬಳ್ಳಿಗೆ" ಅಂದ. "ಸುಣ್ಣ ಸೋಸಿದ್ಯಾ?" ಮಾತಿಲ್ಲ.

ನಮ್ಮ ಮಲೆನಾಡಿನಲ್ಲಿ ಪಂಪು ಕಟ್ಟಿಕೊಳ್ಳಲು ಮುಖ್ಯ ಕಾರಣ ಇದೇ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದನ್ನು ಮೈಸೂರು ಸಂಸ್ಥಾನದ ಕಾಲದಲ್ಲಿ, 1910ರ ಆಸುಪಾಸಿನಲ್ಲಿ, ಕೋಲ್ಮನ್ ಅಂತ ಕೆನಡಾದಿಂದ ಬಂದ ವಿಜ್ಞಾನಿ ಹೇಳಿಕೊಟ್ಟರು. ನೂರು ವರ್ಷದ ಮೇಲಾಯಿತು, ಸುಣ್ಣ ಸೋಸುವುದನ್ನು ಮಾತ್ರ ನಾವಿನ್ನೂ ಕಲಿತಿಲ್ಲ! ಲೆಕ್ಕ ಎಲ್ಲರಿಗೂ ಬಾಯಿಪಾಠ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. 16 ಲೀಟರಿನ ಬೆನ್ನ ಪಂಪಿಗಾದರೆ ಎರಡೂ 160 ಗ್ರಾಂ. ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 8 ಲೀಟರ್ ನೀರಿಗೆ ಮೈಲುತುತ್ತ ಹಾಕಿ ಪೂರ್ತಿ ಕರಗಿಸಿ. ಕಬ್ಬಿಣದ ಪಾತ್ರೆ, ತಗಡಿನ ಡಬ್ಬ ಬೇಡ, ಮೈಲುತುತ್ತ ಅದನ್ನು ತಿನ್ನುತ್ತದೆ. ಇನ್ನೊಂದು ಬಕೆಟ್ಟಿನಲ್ಲಿ ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಅರಳಿಸಿ, ತಣಿದ ಮೇಲೆ ಉಳಿದ ನೀರು ಸೇರಿಸಿ 8 ಲೀಟರ್ ಮಾಡಿ, ಹಳೆ ಪಂಚೆಯಲ್ಲಿ ಸೋಸಿ. ಬಟ್ಟೆಯಲ್ಲಿ ಉಳಿಯುವ ಮರಳು, ಚಿಪ್ಪಿನ ಚೂರು, ಬೇಯದ ಕಲ್ಲು ನೋಡಿದರೆ ನಿಮಗೇ ಗಾಬರಿಯಾಗುತ್ತದೆ. ಅದೆಲ್ಲ ನಾಝಲ್‌ಗೆ ಹೋಗಬೇಕಾಗಿದ್ದ ಸರಕು. ಆಮೇಲೆ ನೀಲಿ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕೋಲಿನಿಂದ ಕಲಕಿ. ಹೊಳೆಯುವ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಹಿಡಿದರೆ ಸುಣ್ಣ ಕಡಿಮೆಯಾಗಿದೆ, ಇನ್ನಷ್ಟು ಸುಣ್ಣದ ತಿಳಿ ಸೇರಿಸಿ. ಟ್ಯಾಂಕಿಗೆ ಹಾಕುವಾಗ ಮತ್ತೊಮ್ಮೆ ಸೋಸಬೇಕು. ಟ್ಯಾಂಕಿನ ಬಾಯಿಯ ಜಾಲರಿ ತೆಗೆದಿಟ್ಟು ಸುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. "ಬೇಗ ತುಂಬುತ್ತದೆ" ಅಂತಾರೆ. ತುಂಬುತ್ತದೆ, ಆದರೆ ಹೊರಗೆ ಬರುವುದಿಲ್ಲ.

ಮಾಡಿದ ಬೋರ್ಡೋ ಅವತ್ತೇ ಖಾಲಿಯಾಗಬೇಕು. ಉಳಿದದ್ದನ್ನು ನಾಳೆಗೆ ಅಂತ ಟ್ಯಾಂಕಿನಲ್ಲಿ ಬಿಟ್ಟರೆ ರಾತ್ರಿಯೆಲ್ಲ ತಳಕ್ಕಿಳಿದು ಗಟ್ಟಿಯಾಗುತ್ತದೆ.

ಮೆತ್ತಿದ ಜಾಲರಿ, ನಾಝಲ್ ಬಿಡಿಸಲು ಹಳೆ ಹಲ್ಲುಜ್ಜುವ ಬ್ರಷ್ ಸಾಕು. ನಾಝಲ್‌ನ ಒಳಗೆ ತೂತಿನ ಬಿಲ್ಲೆ, ಸುಳಿ ಎಬ್ಬಿಸುವ ಚೂರು, ವಾಷರ್, ಸಣ್ಣ ಜಾಲರಿ ಅಂತ ಏನೇನೋ ಇರುತ್ತವೆ. ಬಿಚ್ಚಿದ ಕ್ರಮದಲ್ಲೇ ಒಂದು ಬಿಳಿ ಬಟ್ಟೆ ಮೇಲೆ ಸಾಲಾಗಿ ಇಡಿ. ತೋಟದಲ್ಲೇ ನಿಂತು ಬಿಚ್ಚಿದರೆ ತರಗೆಲೆಯೊಳಗೆ ಬಿದ್ದ ಬಿಲ್ಲೆ ಮುಂದಿನ ವರ್ಷಕ್ಕೂ ಸಿಗುವುದಿಲ್ಲ. ಸುಣ್ಣ ಒಣಗಿ ಕಲ್ಲಾಗಿದ್ದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಹಾಕಿ. ಗುಳ್ಳೆ ಎದ್ದು ಬಿಟ್ಟುಕೊಳ್ಳುತ್ತದೆ. ವಿನೆಗರ್ ಇಲ್ಲದಿದ್ದರೆ ಲಿಂಬೆ ರಸ. ಆ ಬಟ್ಟಲು ಮತ್ತೆ ಅಡುಗೆಮನೆಗೆ ಬರಬಾರದು, ಇದನ್ನು ಮನೆಯವರಿಗೆಲ್ಲ ಹೇಳಿಡಿ. ಬೇವಿನೆಣ್ಣೆ ಹೊಡೆದು ಅಂಟಾಗಿದ್ದರೆ ಹುಳಿ ಕೆಲಸ ಮಾಡುವುದಿಲ್ಲ. ಅದಕ್ಕೆ ಬೆಚ್ಚಗಿನ ನೀರು, ಸೋಪಿನ ಪುಡಿ. ಕುದಿಯುವ ನೀರು ಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬೇವಿನೆಣ್ಣೆಯನ್ನು ಮೊದಲೇ ಚೊಂಬು ನೀರಿನಲ್ಲಿ ಸೋಪಿನ ಜೊತೆ ಹಾಲಿನ ಹಾಗೆ ಆಗುವವರೆಗೆ ಕದಡಿ ಟ್ಯಾಂಕಿಗೆ ಹಾಕಿದರೆ ಈ ರಗಳೆಯೇ ಇಲ್ಲ. ಸಗಣಿ, ಗಂಜಲ ಕೊಳೆಸಿ ಮಾಡುವ ಜೀವಾಮೃತ ಹೊಡೆಯುವವರು ಮೇಲಿನ ತಿಳಿ ಮಾತ್ರ ತೆಗೆದು, ಬಟ್ಟೆ ಎರಡು ಮಡಿಕೆ ಮಾಡಿ ಸೋಸಬೇಕು. ಸಗಣಿಯ ನಾರು ಕಣ್ಣಿಗೆ ಕಾಣದಷ್ಟು ಸಣ್ಣ ಇದ್ದರೂ ನಾಝಲ್ ಅದನ್ನು ಹುಡುಕಿ ಹಿಡಿಯುತ್ತದೆ.

ಬಾಯಿಯಿಂದ ಊದುವುದು, ಹೀರುವುದು ಬೇಡವೇ ಬೇಡ. ಹಿಂದೆ ನಮ್ಮಲ್ಲಿ ಒಬ್ಬರು ಹಾಗೆ ಊದಿ ರಾತ್ರಿಯಿಡೀ ವಾಂತಿ ಮಾಡಿಕೊಂಡರು. ಗಾಳಿ ಬೇಕಿದ್ದರೆ ಸೈಕಲ್ ಪಂಪು ಹಿಡಿಯಿರಿ, ಔಷಧಿ ಹೊರಬರುವ ಕಡೆಯಿಂದ ಒಳಮುಖವಾಗಿ ಹೊಡೆಯಿರಿ.

ಹಿಡಿಕೆ ಸಡಿಲವಾಗಿದ್ದರೆ ಮೊದಲು ಕಪ್ ವಾಷರ್, ಅಂದರೆ ಪಂಪಿನೊಳಗೆ ಮೇಲೆ ಕೆಳಗೆ ಆಡುವ ಬಟ್ಟಲಿನ ಆಕಾರದ ವಾಷರ್ ನೋಡಿ. ಚರ್ಮದ್ದಾದರೆ ಬೇಸಿಗೆಯಿಡೀ ಒಣಗಿ ಕುಗ್ಗಿರುತ್ತದೆ. ಒಂದು ರಾತ್ರಿ ಕೊಬ್ಬರಿ ಎಣ್ಣೆಯಲ್ಲಿ ಬಿಟ್ಟರೆ ಮೆತ್ತಗಾಗಿ ಹಿಗ್ಗುತ್ತದೆ. ರಬ್ಬರಿನದು ಹರಿದಿದ್ದರೆ ಬದಲಾಯಿಸಬೇಕು. ಅದಕ್ಕೆ ಸೀಮೆಎಣ್ಣೆ ಹಚ್ಚಬೇಡಿ, ಉಬ್ಬಿ ಹಾಳಾಗುತ್ತದೆ. ವಾಲ್ವಿನ ಗುಂಡು ಗಸಿಯಲ್ಲಿ ಅಂಟಿ ಕೂತಿದ್ದರೂ ಹಿಡಿಕೆ ಹೀಗೇ ಆಡುತ್ತದೆ. ತೊಳೆದು ಹಾಕಿದರೆ ಸಾಕು.

ಎಲ್ಲ ಸರಿ ಇದ್ದೂ ಸ್ವಲ್ಪ ಹೊತ್ತು ಹೊಡೆದ ಮೇಲೆ ಔಷಧಿ ಕಡಿಮೆಯಾಗುತ್ತಾ ಬಂದರೆ ಟ್ಯಾಂಕಿನ ಮುಚ್ಚಳ ನೋಡಿ. ಅದರಲ್ಲಿ ಗಾಳಿ ಹೋಗಲು ಸಣ್ಣ ತೂತಿರುತ್ತದೆ. ಅದು ಮಣ್ಣು ಹಿಡಿದಿದ್ದರೆ ಒಳಗೆ ಗಾಳಿಯಿಲ್ಲದೆ ಟ್ಯಾಂಕಿನ ಹೊಟ್ಟೆ ಒಳಕ್ಕೆ ಸರಿಯುತ್ತದೆ. ಮುಚ್ಚಳ ಸಡಿಲಿಸಿದ ಕೂಡಲೇ ಸುಂಯ್ ಅಂತ ಸದ್ದು ಬಂದರೆ ಇದೇ ಅಂತ ತಿಳಿಯಿರಿ. ಇದಕ್ಕಾಗಿ ಎರಡು ಸಲ ರಿಪೇರಿಗೆ ದುಡ್ಡು ಕೊಟ್ಟು ಬಂದವರನ್ನು ನಾನು ಬಲ್ಲೆ.

ಒಂದು ವರ್ಷ ನಮ್ಮ ಪಂಪು ಯಾವ ರೀತಿಯಲ್ಲೂ ಬಗ್ಗಲಿಲ್ಲ. ನಾಝಲ್ ಸ್ವಚ್ಛ, ಜಾಲರಿ ಸ್ವಚ್ಛ. ಕೊನೆಗೆ ಉದ್ದ ಕೊಳವೆಯೊಳಗೆ ಕೊಡೆಯ ಕಡ್ಡಿ ತೂರಿಸಿದರೆ ಕೆಮ್ಮಣ್ಣಿನ ಉಂಡೆ ಉದುರಿತು. ಕುಂಬಾರ ಹುಳ ಮಳೆಗಾಲ ಮುಗಿದ ಮೇಲೆ ಅಲ್ಲಿ ಮನೆ ಕಟ್ಟಿಕೊಂಡಿತ್ತು! ಅವತ್ತಿನಿಂದ ಕೊಳವೆಯ ಎರಡೂ ಬಾಯಿಗೆ ಬಟ್ಟೆ ಕಟ್ಟಿ ನೇತುಹಾಕುತ್ತೇನೆ. ಪೈಪನ್ನು ಇಲಿ ಕಡಿಯದ ಹಾಗೆ ಎತ್ತರದಲ್ಲಿ ಇಡಬೇಕು. ಒಳಗಿಡುವ ಮೊದಲು ಮೂರು ಸಲ ಒಳ್ಳೆ ನೀರು ತುಂಬಿಸಿ, ಟ್ರಿಗರ್ ಒತ್ತಿ ನಾಝಲ್ ಮೂಲಕವೇ ಹೊರಬಿಡಬೇಕು. ಸುಮ್ನೆ ಟ್ಯಾಂಕು ಕುಲುಕಿ ಚೆಲ್ಲಿದರೆ ಪೈಪಿನೊಳಗಿನದು ಅಲ್ಲೇ ಉಳಿಯುತ್ತದೆ. ತೊಳೆದ ನೀರು ಔಷಧಿ ಹೊಡೆದ ಗಿಡಗಳ ಮೇಲೇ ಹೋಗಲಿ. ಬಾವಿ ಕಟ್ಟೆ, ಹಳ್ಳದ ಹತ್ತಿರ ತೊಳೆಯಬೇಡಿ. ಕಳೆನಾಶಕದ ಪಂಪು ಬೇರೆಯೇ ಇರಲಿ, ಅದಕ್ಕೆ ಕೆಂಪು ಬಣ್ಣ ಬಳಿದಿಡಿ. 2,4-ಡಿ ಅನ್ನುವ ಕಳೆನಾಶಕ ಉಳಿದ ಪಂಪಿನಲ್ಲಿ ಹೊಡೆದರೆ ಟೊಮೆಟೊ, ಮೆಣಸಿನಕಾಯಿ ಗಿಡ ಮುರುಟಿಕೊಳ್ಳುತ್ತದೆ.

ಇನ್ನು ಬಿಡಿಭಾಗ. ಎರಡು ವಾಷರ್, ಒಂದು ನಾಝಲ್, ಒಂದು ಟ್ರಿಗರ್ ಜಾಲರಿ ಮಳೆಗೆ ಮೊದಲೇ ತಂದು ಡಬ್ಬಿಯಲ್ಲಿ ಇಟ್ಟಿರಿ. ಎಲ್ಲ ಪಂಪಿನ ಅಳತೆ ಒಂದೇ ಅಲ್ಲ. ಹೆಸರು ಹೇಳಿ ಕೇಳಿದರೆ ಅಂಗಡಿಯವನು ಕೈಗೆ ಸಿಕ್ಕಿದ್ದು ಕೊಡುತ್ತಾನೆ. ಹಳೆಯದನ್ನು ತೊಳೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತೆಗೆದುಕೊಂಡು ಹೋಗಿ, ಕೌಂಟರ್ ಮೇಲೆ ಪಕ್ಕಪಕ್ಕ ಇಟ್ಟು ನೋಡಿಯೇ ದುಡ್ಡು ಕೊಡಿ.